ನಮ್ಮಲ್ಲಿ ಹೀಗೇ: ಕೆಲಸದ ಜಾಗದ ಕಲ್ಚರ್ ಮತ್ತು ನಾಯಕತ್ವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲಸ ಶುರು ಮಾಡಿದ್ದು ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ರೈಟರ್ ಆಗಿ, ಅಂದರೆ ಹಾಜರಿ, ಲೆಕ್ಕ ಬರೆಯುವವನಾಗಿ. ಆಮೇಲೆ ಕುಶಾಲನಗರದ ಹತ್ತಿರ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದೆ. ಈಗ ತೋಟ, ಹೋಂಸ್ಟೇ, ಸಹಕಾರ ಸಂಘ ನಡೆಸುವವರ ಜೊತೆ ಕೂತು ಅವರ ಆಡಳಿತದ ತೊಂದರೆಗಳನ್ನು ಬಿಡಿಸುವುದೇ ನನ್ನ ಕೆಲಸ. ಮಡಿಕೇರಿಯಲ್ಲಿ ಕೂತರೂ ಗೋಣಿಕೊಪ್ಪದಲ್ಲಿ ಕೂತರೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ವರ್ಕ್ ಕಲ್ಚರ್ ಅಂದರೆ ಸರಳವಾಗಿ ಏನು?

ಹೊಸದಾಗಿ ಸೇರಿದವರು ಕೇಳುತ್ತಾರೆ, "ಇದನ್ನ ಯಾಕೆ ಹೀಗೆ ಮಾಡ್ತೀರಿ?" ಹಳಬರು ಹೇಳುತ್ತಾರೆ, "ನಮ್ಮಲ್ಲಿ ಹೀಗೇ." ಆ ಎರಡು ಪದದಲ್ಲಿ ಇರುವುದೇ ಕಲ್ಚರ್. ಯಾರೂ ಬರೆದಿಟ್ಟಿರುವುದಿಲ್ಲ, ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಆದರೂ ಮೂರು ತಿಂಗಳಲ್ಲಿ ಎಲ್ಲರಿಗೂ ಬಂದಿರುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎಡ್ಗರ್ ಶೈನ್ ಅವರು ಇದನ್ನು ಮೂರು ಪದರವಾಗಿ ನೋಡಿದರು. ಮೇಲಿನದು ಕಣ್ಣಿಗೆ ಕಾಣುವುದು. ಅದರ ಕೆಳಗಿನದು ಬಾಯಲ್ಲಿ ಹೇಳುವುದು. ತಳದಲ್ಲಿ ಇರುವುದು ಯಾರೂ ಹೇಳದೆ ಎಲ್ಲರೂ ನಂಬಿರುವುದು. ನಾನು ಮೊದಲು ಇದ್ದ ತೋಟವನ್ನೇ ತೆಗೆದುಕೊಳ್ಳಿ. ಕೂಲಿ ಬಟವಾಡೆ ಆಫೀಸಿನ ಕಿಟಕಿಯಿಂದ ಆಗುತ್ತಿತ್ತು. ಕೆಲಸದವರು ಅಂಗಳದಲ್ಲಿ ನಿಂತಿರುತ್ತಿದ್ದರು, ಅವರಿಗೆ ಒಂದು ಬೆಂಚೂ ಇರಲಿಲ್ಲ. ಇದು ಕಾಣುವುದು. ಗೋಡೆ ಮೇಲೆ "ಕಾರ್ಮಿಕರೇ ನಮ್ಮ ಆಸ್ತಿ" ಅಂತ ಬೋರ್ಡ್ ಇತ್ತು. ಇದು ಹೇಳುವುದು. "ಸಲಿಗೆ ಕೊಟ್ಟರೆ ತಲೆ ಮೇಲೆ ಕೂರ್ತಾರೆ" ಅನ್ನುವುದು ಒಳಗಿನ ನಂಬಿಕೆ. ಹೊಸ ಮ್ಯಾನೇಜರ್ ಬಂದಾಗ ಬೋರ್ಡ್ ಓದಿ ಕಲಿಯಲಿಲ್ಲ. ಆ ಕಿಟಕಿ ನೋಡಿ ಕಲಿತರು.

ಇದು ದೊಡ್ಡ ಕಂಪನಿಗಳ ವಿಷಯ ಅಲ್ವಾ? ನಮ್ಮದು ಎಂಟು ಜನರ ಹೋಂಸ್ಟೇ.

ಎಂಟು ಜನ ಇದ್ದರೆ ಇನ್ನೂ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಕಂಪನಿಯಲ್ಲಿ ಒಬ್ಬರ ಸಿಡುಕು ಒಂದು ವಿಭಾಗಕ್ಕೆ ನಿಲ್ಲುತ್ತದೆ. ನಿಮ್ಮಲ್ಲಿ ಬೆಳಿಗ್ಗೆ ನೀವು ಅಡುಗೆಯವರ ಮೇಲೆ ರೇಗಿದರೆ ತಿಂಡಿ ಬಡಿಸುವವರ ಮುಖದಲ್ಲಿ ಅತಿಥಿಗೆ ಅದು ಕಾಣುತ್ತದೆ.

ಕಲ್ಚರ್ ಮ್ಯಾನೇಜರನ್ನು ರೂಪಿಸುತ್ತದೆಯೋ, ಮ್ಯಾನೇಜರ್ ಕಲ್ಚರನ್ನು ರೂಪಿಸುತ್ತಾರೋ?

ಎರಡೂ ಆಗುತ್ತದೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಶುರುವಿನಲ್ಲಿ ಸ್ಥಾಪಿಸಿದವರ ಸ್ವಭಾವವೇ ಸಂಸ್ಥೆಯ ಸ್ವಭಾವ. ಅವರು ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾರನ್ನು ಹತ್ತಿರ ಬಿಟ್ಟುಕೊಳ್ಳುತ್ತಾರೆ, ಕಷ್ಟ ಬಂದಾಗ ಮೊದಲು ಏನನ್ನು ಉಳಿಸಿಕೊಳ್ಳುತ್ತಾರೆ ಅನ್ನುವುದನ್ನು ಜನ ನೋಡುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಸಂಸ್ಥೆಯೇ ತನಗೆ ಹೊಂದುವ ಮ್ಯಾನೇಜರನ್ನು ಆರಿಸುತ್ತದೆ, ಹೊಂದದವರನ್ನು ಹೊರಗೆ ಕಳಿಸುತ್ತದೆ ಇಲ್ಲವೇ ತಿದ್ದುತ್ತದೆ.

ಈ ತಿದ್ದುವಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೃಷಿ ಪದವಿ ಮುಗಿಸಿ ಒಬ್ಬ ಹುಡುಗ ಅಸಿಸ್ಟೆಂಟ್ ಆಗಿ ಬಂದ. ಮೊದಲ ತಿಂಗಳು ಮೇಸ್ತ್ರಿಯನ್ನು "ಅಣ್ಣ" ಅನ್ನುತ್ತಿದ್ದ, ಮರಗಸಿ ಮಾಡುವವರ, ಅಂದರೆ ನೆರಳಿನ ಮರದ ಕೊಂಬೆ ಸವರುವವರ ಹತ್ತಿರ ಕೂತು ಯಾವ ಕೊಂಬೆ ಯಾಕೆ ಕಡಿಯುತ್ತೀರಿ ಅಂತ ಕೇಳುತ್ತಿದ್ದ. ಮ್ಯಾನೇಜರ್ ಒಂದು ದಿನ ಕರೆದು, "ನೀನು ಅವರ ಜೊತೆ ಕೂತರೆ ನಾಳೆ ನಿನ್ನ ಮಾತು ಯಾರು ಕೇಳ್ತಾರೆ?" ಅಂದರು. ಅಷ್ಟೇ. ಎರಡು ವರ್ಷಕ್ಕೆ ಆ ಹುಡುಗ ಜೀಪಿನಿಂದ ಇಳಿಯದೆ ಮಾತಾಡುವುದನ್ನು ಕಲಿತಿದ್ದ. ಅವನ ಕೈ ಕೆಳಗೆ ಬಂದ ಮುಂದಿನ ಅಸಿಸ್ಟೆಂಟ್‌ಗೆ ಅದೇ ಮಾತು ಹೇಳಿದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಹಾಗೆ. ಆ ಹುಡುಗ ಕೆಟ್ಟವನಲ್ಲ. ಆ ಜಾಗದಲ್ಲಿ ಮ್ಯಾನೇಜರ್ ಅಂದರೆ ಹೀಗಿರಬೇಕು ಅಂತ ಒಂದು ಅಚ್ಚು ಇತ್ತು, ಅವನನ್ನು ಅದರಲ್ಲಿ ಒತ್ತಿದರು.

ಹಾಗಾಗಿ ಒಬ್ಬ ಮ್ಯಾನೇಜರ್ ಸರಿ ಇಲ್ಲ ಅಂತ ಮಾಲೀಕರು ನನ್ನ ಹತ್ತಿರ ಬಂದಾಗ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇವರಿಗಿಂತ ಮುಂಚೆ ಇದ್ದವರು ಹೇಗಿದ್ದರು? ಅವರೂ ಹೀಗೇ, ಅವರಿಗಿಂತ ಮೊದಲಿನವರೂ ಹೀಗೇ ಅಂದರೆ ಜನ ಬದಲಾಯಿಸಿ ಪ್ರಯೋಜನ ಇಲ್ಲ.

ತೋಟದ ಸಾಹುಕಾರ, ಮ್ಯಾನೇಜರ್, ರೈಟರ್, ಮೇಸ್ತ್ರಿ ಅನ್ನುವ ಮೆಟ್ಟಿಲು ಎಲ್ಲಿಂದ ಬಂತು? ಇವತ್ತಿಗೂ ಅದು ನಡೆಯುತ್ತದೆಯೇ?

ಬ್ರಿಟಿಷರು ಕೊಡಗನ್ನು 1834ರಲ್ಲಿ ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. 1850ರ ದಶಕದಿಂದ ಯುರೋಪಿಯನ್ ಪ್ಲಾಂಟರುಗಳು ಇಲ್ಲಿ ದೊಡ್ಡ ಕಾಫಿ ತೋಟ ಮಾಡಿದರು. ಮೇಲೆ ಬಂಗಲೆ, ಕೆಳಗೆ ಕೆಲಸದವರ ಸಾಲು ಮನೆ (ಲೈನ್ ಮನೆ), ನಡುವೆ ರೈಟರ್ ಮತ್ತು ಮೇಸ್ತ್ರಿ. ದೊರೆಗೆ ಜನರ ಭಾಷೆ ಗೊತ್ತಿಲ್ಲ, ಜನರಿಗೆ ದೊರೆಯ ಭಾಷೆ ಗೊತ್ತಿಲ್ಲ. ಆಜ್ಞೆ ಕೆಳಗಿಳಿಯಲು, ಲೆಕ್ಕ ಮೇಲೆ ಹತ್ತಲು ಈ ಮೆಟ್ಟಿಲು ಬೇಕಿತ್ತು. ಜನರ ಅಭಿಪ್ರಾಯ ಮೇಲೆ ಹತ್ತಲು ಅದರಲ್ಲಿ ದಾರಿಯೇ ಇರಲಿಲ್ಲ.

ಆಮೇಲೆ ಕಾನೂನು ಬಂತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಆಸ್ಪತ್ರೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗಳನ್ನು ತೋಟದವರ ಹೊಣೆ ಮಾಡಿತು. ಬದುಕು ಸುಧಾರಿಸಿತು. ಆದರೆ ಕಾನೂನು ಮನೆ ಕಟ್ಟಿಸಬಹುದು, ದನಿಯನ್ನು ಬದಲಾಯಿಸಲು ಅದಕ್ಕೆ ಆಗುವುದಿಲ್ಲ. ಮಾಲೀಕರು ನಮ್ಮೂರವರೇ ಆದ ಮೇಲೂ ಎಷ್ಟೋ ಕಡೆ ಬಂಗಲೆಯ ಜಗಲಿ ಮೇಲೆ ಕೂತು ಅಂಗಳಕ್ಕೆ ಮಾತಾಡುವ ಕ್ರಮ ಹಾಗೇ ಉಳಿಯಿತು.

ಮೇಲಿನವರಿಗೂ ಕೆಳಗಿನವರಿಗೂ ಇರುವ ಈ ದೂರವನ್ನು ಹಾಲೆಂಡಿನ ಗೇರ್ಟ್ ಹಾಫ್‌ಸ್ಟೆಡ್ ಅವರು ಅಳೆಯಲು ನೋಡಿದರು. 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಂದ ಹಲವು ದೇಶಗಳಲ್ಲಿ ಪಡೆದ ಉತ್ತರಗಳನ್ನು ಹೋಲಿಸಿದರು. ಭಾರತದಲ್ಲಿ ಈ ದೂರ ಜಾಸ್ತಿ ಅಂತ ಅದರಲ್ಲಿ ಬಂತು. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯಬಹುದಾ ಅಂತ ಕೇಳುವವರಿದ್ದಾರೆ. ಅವರ ಪ್ರಶ್ನೆ ಸರಿಯೇ. ಆದರೂ "ದೂರ" ಅನ್ನುವ ಆ ಮಾತು ನನಗೆ ಉಪಯೋಗಕ್ಕೆ ಬಂದಿದೆ. ಯಾವುದೇ ತೋಟಕ್ಕೆ ಹೋದರೂ ಮೇಸ್ತ್ರಿ ಮ್ಯಾನೇಜರಿನಿಂದ ಎಷ್ಟು ಅಡಿ ದೂರ ನಿಂತು ಮಾತಾಡುತ್ತಾರೆ ಅಂತ ನೋಡುತ್ತೇನೆ.

ಕೆಳಗಿನವರು ನನಗೆ ನಿಜ ಹೇಳುತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ನಿಮಗೆ ಕೆಟ್ಟ ಸುದ್ದಿ ಬರುವುದು ನಿಂತಿದ್ದರೆ ಅದೇ ಗುರುತು. ತೋಟದಲ್ಲಾಗಲಿ ಆಫೀಸಿನಲ್ಲಾಗಲಿ ದಿನಕ್ಕೆ ಒಂದಾದರೂ ಎಡವಟ್ಟು ಆಗುತ್ತದೆ. ಅದು ನಿಮ್ಮ ಕಿವಿಗೆ ಬೀಳುತ್ತಿಲ್ಲ ಅಂದರೆ ನಡುವೆ ಎಲ್ಲೋ ತಡೆಯುತ್ತಿದ್ದಾರೆ.

ನನ್ನ ಮೊದಲ ಕೆಲಸದ ಒಂದು ದಿನ ಇವತ್ತಿಗೂ ಕಾಡುತ್ತದೆ. ರೊಬಸ್ಟಾ ಕಾಫಿ ಕುಯ್ಲಿನ ಸಮಯ. ಬೆಳಿಗ್ಗೆ ಹಾಜರಿಯ ಹೊತ್ತಿಗೆ ಒಬ್ಬ ಹೆಂಗಸು ಮೇಸ್ತ್ರಿಯ ಹತ್ತಿರ, ಹಳ್ಳದ ಪಕ್ಕದ ಬ್ಲಾಕಿನಲ್ಲಿ ಹಸಿ ಲದ್ದಿ ನೋಡಿದೆ ಅಂದರು. ಆನೆ ಇದೆ ಅಂತ ಅರ್ಥ. ಮೇಸ್ತ್ರಿ ಸುಮ್ಮನಾದರು. ಯಾಕೆಂದರೆ ಹದಿನೈದು ದಿನದ ಹಿಂದೆ ಇನ್ನೊಬ್ಬರು ಹಾಗೇ ಹೇಳಿ ಕೆಲಸ ನಿಲ್ಲಿಸಿದ್ದರು. ಆನೆ ಬರಲಿಲ್ಲ. ಮ್ಯಾನೇಜರ್ ಎಲ್ಲರ ಎದುರಿಗೆ "ಕೆಲಸಗಳ್ಳರು" ಅಂತ ಬೈದು ಅರ್ಧ ದಿನದ ಹಾಜರಿ ಕಡಿದಿದ್ದರು. ಈ ಸಲ ಯಾರೂ ಬಾಯಿ ಬಿಡಲಿಲ್ಲ. ಹತ್ತು ಗಂಟೆಗೆ ಆ ಬ್ಲಾಕಿನಲ್ಲೇ ಒಂಟಿ ಆನೆ ಎದುರಾಯಿತು. ಜನ ಚೀಲ ಬಿಸಾಕಿ ಓಡಿದರು. ಒಬ್ಬರು ಬಿದ್ದು ಕೈ ಮುರಿದುಕೊಂಡರು. ಪುಣ್ಯಕ್ಕೆ ಜೀವ ಹೋಗಲಿಲ್ಲ.

ಸಂಜೆ ಮ್ಯಾನೇಜರ್ ಎಲ್ಲರನ್ನೂ ಕರೆದು ಕೇಳಿದರು, "ಯಾರಿಗೂ ಗೊತ್ತಿರಲಿಲ್ವಾ?" ಎಲ್ಲರಿಗೂ ಗೊತ್ತಿತ್ತು. ಹಾಜರಿ ಪುಸ್ತಕ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ ನನಗೂ ಗೊತ್ತಿತ್ತು. ನಾನೂ ಹೇಳಿರಲಿಲ್ಲ. ಹೇಳದೆ ಇದ್ದುದಕ್ಕೆ ಆವತ್ತು ನನಗೆ ಯಾರೂ ಏನೂ ಅನ್ನಲಿಲ್ಲ. ಹೇಳಿದ್ದರೆ ಬೈಗುಳ ಗ್ಯಾರಂಟಿ ಇತ್ತು. ಆ ಲೆಕ್ಕವನ್ನು ನಾವೆಲ್ಲ ಮನಸ್ಸಿನಲ್ಲೇ ಹಾಕಿದ್ದೆವು.

ಇದೇ ಲೆಕ್ಕ ಎಷ್ಟು ದೊಡ್ಡ ಜಾಗದಲ್ಲೂ ನಡೆಯುತ್ತದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. 2003ರ ಫೆಬ್ರವರಿ 1ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಮೇಲೆ ಹಾರುವಾಗಲೇ ಒಂದು ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡಬೇಕು ಅಂತ ಕೆಳಗಿನ ಎಂಜಿನಿಯರುಗಳು ಕೇಳಿದ್ದರು. ಆ ಕೋರಿಕೆ ಮೇಲೆ ಹೋಗಿ ಅಲ್ಲೇ ನಿಂತಿತು. ಆ ಫೋಮ್ ಎಷ್ಟು ಕಾರಣವೋ ನಾಸಾದ ಕೆಲಸದ ಕಲ್ಚರ್ ಕೂಡ ಅಷ್ಟೇ ಕಾರಣ ಅಂತ ತನಿಖಾ ಮಂಡಳಿ ವರದಿಯಲ್ಲಿ ಬರೆಯಿತು.

ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕದಲ್ಲಿ ಬಂದದ್ದು ಜಾಸ್ತಿ! ಯೋಚಿಸಿ ನೋಡಿದಾಗ ಕಾರಣ ಹೊಳೆಯಿತು. ಒಳ್ಳೆಯ ತಂಡದ ನರ್ಸುಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೇರೆ ಕಡೆ ತಪ್ಪು ಆಗುತ್ತಿತ್ತು, ಪುಸ್ತಕಕ್ಕೆ ಬರುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಆ ಹಾಜರಿ ಪುಸ್ತಕವೇ ಕಣ್ಣ ಮುಂದೆ ಬಂತು.

ಈಗ ನನಗೆ ಗೊತ್ತಿರುವ ಒಂದು ತೋಟದಲ್ಲಿ ಆನೆಯ ಸುಳಿವು ಸಿಕ್ಕರೆ ಕೆಲಸ ನಿಲ್ಲಿಸುವ ಹಕ್ಕು ಮೇಸ್ತ್ರಿಗೇ ಇದೆ. ಆನೆ ಬಂದರೂ ಬರದಿದ್ದರೂ ಆ ದಿನದ ಹಾಜರಿ ಪೂರ್ತಿ. ಮೊದಲ ತಿಂಗಳು ನಾಲ್ಕು ಸಲ ಸುಮ್ನೆ ನಿಂತಿತು ಅಂತ ಮಾಲೀಕರು ಹೇಳಿದರು. ಆ ನಾಲ್ಕು ದಿನದ ಖರ್ಚನ್ನು ಅವರು ಗೊಣಗದೆ ಕೊಟ್ಟರು. ಜನ ಗಮನಿಸಿದ್ದು ಅದನ್ನೇ.

ತಪ್ಪು ಹೇಳಿದವರಿಗೆ ಬೈಯಬಾರದು ಅಂದರೆ ಶಿಸ್ತು ಎಲ್ಲಿ ಉಳಿಯುತ್ತದೆ?

ಮೂರು ಬಗೆಯ ತಪ್ಪನ್ನು ಬೇರೆ ಮಾಡಿ ನೋಡಬೇಕು. ಗೊತ್ತಿಲ್ಲದೆ ಆಗುವುದು ಒಂದು. ಗೊತ್ತಿದ್ದೂ ಕೈತಪ್ಪಿ ಆಗುವುದು ಇನ್ನೊಂದು. ಬೇಕಂತಲೇ ಮಾಡುವುದು ಮೂರನೆಯದು. ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದ, ಒಳಸಿಪ್ಪೆ ಇರುವ ಕಾಫಿ ಬೀಜ) ಸರಿಯಾಗಿ ಒಣಗುವ ಮೊದಲೇ ಚೀಲಕ್ಕೆ ತುಂಬಿದರು ಅಂದುಕೊಳ್ಳಿ. ಹೊಸಬರು ತುಂಬಿದ್ದರೆ ಕಲಿಸಿದವರು ಯಾರು ಅಂತ ಕೇಳಿ. ಮೋಡ ನೋಡಿ ಗಡಿಬಿಡಿಯಲ್ಲಿ ತುಂಬಿದ್ದರೆ ಟಾರ್ಪಾಲು ಯಾಕೆ ಹತ್ತಿರ ಇರಲಿಲ್ಲ ಅಂತ ಕೇಳಿ. ತೂಕ ಜಾಸ್ತಿ ತೋರಿಸಲು ಹಸಿಯಾಗೇ ತುಂಬಿದ್ದರೆ ಅದಕ್ಕೆ ಶಿಕ್ಷೆ ಇರಲಿ. ಎಲ್ಲಕ್ಕೂ ಒಂದೇ ಬೈಗುಳ ಬಿದ್ದರೆ ಮೂರನೆಯವರು ಮೊದಲಿನವರ ಮರೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಕಡೆ ಸೇನೆಯಿಂದ ನಿವೃತ್ತರಾದವರು ಮ್ಯಾನೇಜರ್ ಆಗುವುದು ಜಾಸ್ತಿ. ಮಿಲಿಟರಿ ಶೈಲಿ ಕೆಲಸಕ್ಕೆ ಬರುತ್ತದೆಯೇ?

ಬರುತ್ತದೆ, ಯಾವ ಭಾಗವನ್ನು ತರುತ್ತಾರೆ ಅನ್ನುವುದರ ಮೇಲೆ. ಕೂಗಿ ಹೇಳುವುದೇ ಮಿಲಿಟರಿ ಅಂತ ಹೊರಗಿನವರು ತಿಳಿದಿದ್ದಾರೆ. ನಾನು ಜೊತೆಗೆ ಕೆಲಸ ಮಾಡಿದ ಒಬ್ಬ ನಿವೃತ್ತ ಸುಬೇದಾರರು ದನಿ ಏರಿಸಿದ್ದನ್ನೇ ಕೇಳಿಲ್ಲ. ಅವರಿಗೆ ನೂರಾ ಇಪ್ಪತ್ತು ಜನರ ಹೆಸರು ಗೊತ್ತಿತ್ತು. ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತಲೂ ಗೊತ್ತಿತ್ತು. ಎಲ್ಲರ ಊಟ ಆದ ಮೇಲೆ ತಾವು ಊಟಕ್ಕೆ ಕೂರುತ್ತಿದ್ದರು.

ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆ ಸಿಕ್ಕಿದ್ದರು. ಮಗನಿಗೆ ವಿಶೇಷ ಸವಲತ್ತು ಕೊಡುವ ಮಾತು ಅಲ್ಲಿಂದ ಬಂದಾಗ ಅವರು ಒಪ್ಪಲಿಲ್ಲ, ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ ಅನ್ನುವುದು ಅವರ ನಿಲುವಾಗಿತ್ತು. ನಿಯಮ ಎಲ್ಲರಿಗೂ ಒಂದೇ ಅಂತ ನೂರು ಸಲ ಹೇಳುವುದಕ್ಕಿಂತ ಇಂಥ ಒಂದು ತೀರ್ಮಾನ ಜನರ ಮನಸ್ಸಿನಲ್ಲಿ ನಿಲ್ಲುತ್ತದೆ. ನಿಮ್ಮ ಭಾವಮೈದ ತಡವಾಗಿ ಬಂದಾಗಲೂ ಹಾಜರಿ ಕಡಿಯುತ್ತೀರಾ? ಜನ ನೋಡುತ್ತಿರುವುದು ಅದನ್ನು.

"ನಾವೆಲ್ಲ ಒಂದೇ ಕುಟುಂಬ" ಅಂತ ಸಿಬ್ಬಂದಿಗೆ ಹೇಳುವುದು ಒಳ್ಳೆಯದಾ?

ನನಗೆ ಆ ಮಾತು ಇಷ್ಟ ಇಲ್ಲ. ಕುಟುಂಬದಿಂದ ಯಾರನ್ನೂ ನೋಟಿಸ್ ಕೊಟ್ಟು ತೆಗೆಯುವುದಿಲ್ಲ. ಸಂಸ್ಥೆಯಲ್ಲಿ ತೆಗೆಯಬೇಕಾಗುತ್ತದೆ. ಆ ದಿನ ಆ ಮಾತು ಮೋಸದ ಮಾತಾಗುತ್ತದೆ. ಓವರ್‌ಟೈಮ್ ಕೇಳಿದವರ ಬಾಯಿ ಮುಚ್ಚಿಸಲು ಈ ಮಾತು ಬಳಸುವುದನ್ನೂ ನೋಡಿದ್ದೇನೆ.

ಹಾಗಂತ ಕುಟುಂಬ ಪದ್ಧತಿಯಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಮ್ಮ ಕಣ್ಣೆದುರಿಗೇ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ. ಪ್ರತಿ ಸಲ ಬೇರೆ ಒಕ್ಕ, ಅಂದರೆ ಬೇರೆ ಮನೆತನ ಜವಾಬ್ದಾರಿ ಹೊರುತ್ತದೆ. ಮೈದಾನ, ಗ್ಯಾಲರಿ, ಊಟ, ವೇಳಾಪಟ್ಟಿ, ಅಂಪೈರುಗಳು, ಹಣಕಾಸು ಎಲ್ಲವೂ ಅವರ ಮೇಲೆ. ಹೋದ ವರ್ಷ ನಡೆಸಿದವರ ಅನುಭವ ಈ ವರ್ಷದವರಿಗೆ ಸಿಗಬೇಕು. 2018ರ ಮಳೆ, ಗುಡ್ಡ ಜಾರಿದ ದುರಂತ, ಆಮೇಲೆ ಕೋವಿಡ್ ಅಂತ ಕೆಲವು ವರ್ಷ ನಿಂತು ಮತ್ತೆ ಶುರುವಾದಾಗ ಅದು ಇನ್ನೂ ದೊಡ್ಡದಾಯಿತು. ಒಬ್ಬ ಮುಖ್ಯಸ್ಥರ ಮೇಲೆ ನಿಂತಿದ್ದರೆ ಹೀಗಾಗುತ್ತಿರಲಿಲ್ಲ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು ಒಟ್ಟಿಗೆ ಆಡುವುದೂ ಇದೆ. ಮೈದಾನದಲ್ಲಿ ಚೆಂಡು ಯಾರ ಹತ್ತಿರ ಇದೆಯೋ ಆ ಹೊತ್ತಿಗೆ ಅವರದೇ ತೀರ್ಮಾನ.

ಸಂಸ್ಥೆ ನಡೆಸುವವರು ಇದರಿಂದ ತೆಗೆದುಕೊಳ್ಳಬೇಕಾದದ್ದು ಜವಾಬ್ದಾರಿ ಹಸ್ತಾಂತರ. ನಮ್ಮ ಎಷ್ಟೋ ತೋಟಗಳಲ್ಲಿ ಒಬ್ಬರೇ ಇಪ್ಪತ್ತೈದು ವರ್ಷ ಎಲ್ಲ ಕೀಲಿಕೈ ಇಟ್ಟುಕೊಂಡಿರುತ್ತಾರೆ. ಅವರು ಹುಷಾರು ತಪ್ಪಿದ ದಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲಿದೆ ಅಂತಲೂ ಯಾರಿಗೂ ಗೊತ್ತಿರುವುದಿಲ್ಲ.

ಸಂಬಳ, ಬೋನಸ್ ಸರಿ ಇದ್ದರೆ ಸಾಕಲ್ವಾ?

ಸಂಬಳ ಸರಿ ಇರಲೇಬೇಕು. ಅದಿಲ್ಲದೆ ಕಲ್ಚರ್ ಬಗ್ಗೆ ಮಾತಾಡುವುದು ನ್ಯಾಯ ಅಲ್ಲ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದು ಮಾತ್ರ ಸಿಗುತ್ತದೆ. ಕೆಜಿ ಲೆಕ್ಕದಲ್ಲಿ ಕಾಫಿ ಕುಯ್ಯಿಸಿ ನೋಡಿ. ಹಣ್ಣಿನ ಜೊತೆ ಕಾಯಿಯೂ ಬರುತ್ತದೆ, ಗಿಡದ ರೆಕ್ಕೆ (ಪಕ್ಕದ ಕೊಂಬೆ) ಮುರಿದು ಮುಂದಿನ ವರ್ಷದ ಫಸಲೂ ಹೋಗುತ್ತದೆ. ಆಮೇಲೆ "ಜನಕ್ಕೆ ಗಿಡದ ಮೇಲೆ ಪ್ರೀತಿ ಇಲ್ಲ" ಅನ್ನುತ್ತೇವೆ. ಬೇಗ ಕುಯ್ಯಿ ಅಂತ ಹೇಳಿದ್ದು ನಮ್ಮ ತಕ್ಕಡಿಯೇ ತಾನೆ?

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲೂ ಹೀಗೇ ಆಯಿತು. ಒಬ್ಬ ಗ್ರಾಹಕರಿಗೆ ಇಷ್ಟು ಖಾತೆ ಮಾರಲೇಬೇಕು ಅಂತ ಒತ್ತಡ ಇತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸಾವಿರಾರು ಜನರನ್ನು ಕೆಲಸದಿಂದ ತೆಗೆದಿದ್ದರು. ಗುರಿ ಹಾಕಿದವರು ಮೇಲಿದ್ದರು, ಕೆಲಸ ಕಳೆದುಕೊಂಡವರಲ್ಲಿ ಬಹಳಷ್ಟು ಜನ ಕೆಳಗಿನವರು.

ಹಳೆಯ ವ್ಯವಸ್ಥೆಯಲ್ಲಿ ಚೆನ್ನಾಗಿದ್ದ ಮ್ಯಾನೇಜರ್ ಹೊಸದರಲ್ಲಿ ಯಾಕೆ ಸೋಲುತ್ತಾರೆ?

ಕಾಫಿ ಬೆಳೆಗಾರರಿಗೆ ಇದರ ಅನುಭವ ಚೆನ್ನಾಗಿ ಇದೆ. 1942ರ ಕಾಯ್ದೆಯಿಂದ ಕಾಫಿ ಬೋರ್ಡ್ ಬಂತು. ಅಲ್ಲಿಂದ ಐವತ್ತು ವರ್ಷ ಬೆಳೆಗಾರ ಕಾಫಿಯನ್ನು ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸುವ ರಾಶಿಗೆ ಕೊಡಬೇಕಿತ್ತು. ಮಾರುವುದು ಬೋರ್ಡ್. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಆ ಕಾಲಕ್ಕೆ ಒಳ್ಳೆಯ ಮ್ಯಾನೇಜರ್ ಅಂದರೆ ಗಿಡ ಚೆನ್ನಾಗಿ ನೋಡಿಕೊಳ್ಳುವವರು, ಲೆಕ್ಕ ಚೊಕ್ಕ ಇಡುವವರು, ಕಾಯುವ ತಾಳ್ಮೆ ಇರುವವರು. ಮಾರುಕಟ್ಟೆ ನೋಡುವ ಅಗತ್ಯವೇ ಇರಲಿಲ್ಲ.

1990ರ ದಶಕದಲ್ಲಿ ಹಂತ ಹಂತವಾಗಿ ಮುಕ್ತ ಮಾರಾಟ ಬಂದು 1996ರ ಹೊತ್ತಿಗೆ ಪೂಲ್ ಮುಗಿಯಿತು. ದಿನದ ರೇಟು, ಲಂಡನ್ ಮಾರುಕಟ್ಟೆಯ ರೇಟು, ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಅನ್ನುವ ತೀರ್ಮಾನಗಳು ತೋಟದ ಆಫೀಸಿಗೆ ಬಂದವು. ಗೊಬ್ಬರ, ಕಪಾತು (ಗಿಡದ ಕೊಂಬೆ ಸವರುವುದು), ನೆರಳು ಅಂತ ಮೂವತ್ತು ವರ್ಷ ಎದೆ ಎತ್ತಿ ನಡೆದ ಹಿರಿಯರು ಫೋನ್ ಎದುರು ಕೂತು ಕಂಗಾಲಾದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ. ಅವರು ದಡ್ಡರಾಗಿರಲಿಲ್ಲ. ತೀರ್ಮಾನ ಮೇಲಿನಿಂದ ಬರುತ್ತದೆ ಅನ್ನುವ ಅಭ್ಯಾಸ ಮೈಗೂಡಿತ್ತು. ಕೆಲವು ಕಡೆ ಮನೆಯ ಸೊಸೆ, ಇಲ್ಲವೇ ಊರಿಗೆ ಮರಳಿದ ಮಗ ಆ ಕೆಲಸ ಹಿಡಿದರು. ಹಿರಿಯರು ಗಿಡ ನೋಡಿಕೊಂಡರು. ಹಾಗೆ ಹಂಚಿಕೊಂಡ ಮನೆಗಳು ಬೇಗ ಚೇತರಿಸಿಕೊಂಡವು.

ಇವತ್ತು ಸ್ಪೆಷಾಲಿಟಿ ಕಾಫಿ, ಹೋಂಸ್ಟೇ, ಆನ್‌ಲೈನ್ ಮಾರಾಟ ಅಂತ ಇಳಿದವರಿಗೂ ಇದೇ ಮಾತು. ಹೊಸ ಕೆಲಸಕ್ಕೆ ಹಳೆಯ ಅಳತೆಗೋಲು ಹಿಡಿಯಬೇಡಿ.

ಸಹಕಾರ ಸಂಘಗಳಲ್ಲಿ ನಾಯಕರು ಯಾರು? ಅಧ್ಯಕ್ಷರಾ, ಕಾರ್ಯದರ್ಶಿಯಾ?

ಕಾಗದದ ಮೇಲೆ ಸದಸ್ಯರೇ ಮಾಲೀಕರು. ಆಡಳಿತ ಮಂಡಳಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಸಿಬ್ಬಂದಿ ಉಳಿಯುತ್ತಾರೆ. ಹಾಗಾಗಿ ಕಲ್ಚರ್ ಕೌಂಟರಿನಲ್ಲಿ ಕೂತವರ ಕೈಯಲ್ಲಿ ಇರುತ್ತದೆ. ಹತ್ತು ಎಕರೆಯವರಿಗೆ ಕುರ್ಚಿ, ಅರ್ಧ ಎಕರೆಯವರಿಗೆ "ನಾಳೆ ಬನ್ನಿ" ಅನ್ನುವ ರೂಢಿ ಇದ್ದರೆ ಅಧ್ಯಕ್ಷರ ಭಾಷಣ ಎಷ್ಟೇ ಚೆನ್ನಾಗಿದ್ದರೂ ಸದಸ್ಯರು ಸಂಘವನ್ನು ತಮ್ಮದು ಅಂದುಕೊಳ್ಳುವುದಿಲ್ಲ.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸದವರಿಗೆ ನಮ್ಮ ಭಾಷೆ ಬರುವುದಿಲ್ಲ. ಅವರನ್ನು ಹೇಗೆ ಸೇರಿಸಿಕೊಳ್ಳುವುದು?

ಭಾಷೆ ಬರುವ ಒಬ್ಬರು ನಡುವೆ ನಿಲ್ಲುತ್ತಾರಲ್ಲ, ಅವರನ್ನು ಮೊದಲು ನೋಡಿ. ಎರಡೂ ಕಡೆಯ ಮಾತು ಅವರ ಬಾಯಿಂದಲೇ ಬರುತ್ತದೆ. ಮುಂಗಡ, ಕಡಿತ, ರಜೆ ಎಲ್ಲ ಅವರ ಕೈಯಲ್ಲಿ. ದೊರೆ ಕಾಲದ ಮೇಸ್ತ್ರಿಯ ಜಾಗಕ್ಕೆ ಹೊಸಬರು ಬಂದಂತೆ ಆಗಿದೆ. ತಿಂಗಳಿಗೊಮ್ಮೆ ಅವರಿಲ್ಲದೆ, ಬೇರೆ ಯಾರನ್ನಾದರೂ ಜೊತೆಗಿಟ್ಟುಕೊಂಡು, ಕೈಗೆ ಎಷ್ಟು ಬಂತು ಅಂತ ನೇರವಾಗಿ ಕೇಳಿ. ನಾಲ್ಕು ಹಿಂದಿ ಮಾತು ಕಲಿಯಲು ಬಿಡುವಿಲ್ಲ ಅಂತ ಯಾವ ಮ್ಯಾನೇಜರೂ ನನಗೆ ಹೇಳಬಾರದು.

ಹೆಂಗಸರು ಮೇಲಿನ ಜಾಗಕ್ಕೆ ಯಾಕೆ ಬರುತ್ತಿಲ್ಲ?

ಕುಯ್ಲಿನಲ್ಲಿ ಕೈ ಜಾಸ್ತಿ ಹೆಂಗಸರದು, ಮೇಸ್ತ್ರಿ ಹೆಚ್ಚಾಗಿ ಗಂಡಸು. ಕೇಳಿದರೆ "ಅವರೇ ಬೇಡ ಅಂತಾರೆ" ಅನ್ನುತ್ತಾರೆ. ಯಾಕೆ ಬೇಡ ಅಂತಾರೆ ಅಂತ ಯಾರೂ ಕೇಳುವುದಿಲ್ಲ. ಮೇಸ್ತ್ರಿ ಆದರೆ ಸಂಜೆ ಆಫೀಸಿಗೆ ಹೋಗಿ ಲೆಕ್ಕ ಒಪ್ಪಿಸಬೇಕು, ಆ ಹೊತ್ತಿಗೆ ಮನೆಯಲ್ಲಿ ಮಗು ಕಾಯುತ್ತಿರುತ್ತದೆ. ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಒಪ್ಪಿಸುವ ಹೊತ್ತನ್ನು ನಾಲ್ಕು ಗಂಟೆಗೆ ಬದಲಾಯಿಸಿದೆವು. ಅದೇ ವರ್ಷ ಇಬ್ಬರು ಹೆಂಗಸರು ಸೂಪರ್‌ವೈಸರ್ ಆದರು.

ಇನ್ನೊಂದು ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಇದು ತೋಟಕ್ಕೂ ರೆಸಾರ್ಟಿಗೂ ಒಂದೇ. ಸಮಿತಿಯ ಹೆಸರುಗಳನ್ನು ಹಾಜರಿ ಹಾಕುವ ಜಾಗದಲ್ಲೇ ಹಚ್ಚಿ.

ಕಷ್ಟ ಬಂದಾಗ ನಾಯಕರು ಏನು ಮಾಡಬೇಕು?

2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಜಾರಿದವು. ನಮ್ಮ ಸಿಬ್ಬಂದಿಯಲ್ಲೂ ಮನೆ ಕಳೆದುಕೊಂಡವರಿದ್ದರು. ರಸ್ತೆ ಇಲ್ಲ, ಕರೆಂಟ್ ಇಲ್ಲ. ಎರಡನೇ ದಿನ ಹೇಗೋ ಒಂದು ಫೋನ್ ಬಂತು. ನನ್ನ ಮೇಲಿನವರು ಕೇಳಿದ ಮೊದಲ ಪ್ರಶ್ನೆ, "ಗೋಡೌನ್ ಒಣಗಿದೆಯಾ?" ಜನರ ಬಗ್ಗೆ ಕೇಳಿದ್ದು ಮರುದಿನ. ಸ್ಪೀಕರ್ ಆನ್ ಇತ್ತು. ಸುತ್ತ ನಿಂತ ಏಳೆಂಟು ಜನ ಕೇಳಿಸಿಕೊಂಡರು.

ಅವರು ಕಲ್ಲು ಮನಸ್ಸಿನವರು ಅಂತ ನಾನು ಹೇಳುವುದಿಲ್ಲ. ದಿನಾ ಸಂಜೆ ಫೋನಿನಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆಯೂ ಸ್ಟಾಕ್ ಬಗ್ಗೆಯೇ ಆಗಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಭ್ಯಾಸದ ಮಾತು. ಮುಂದಿನ ಒಂದು ವರ್ಷದಲ್ಲಿ ಹಳೆಯ ಸಿಬ್ಬಂದಿ ಒಬ್ಬೊಬ್ಬರಾಗಿ ಬಿಟ್ಟರು. ಕಾರಣ ಬೇರೆ ಬೇರೆ ಹೇಳಿದರು. ಒಬ್ಬರು ಮಾತ್ರ ಹೋಗುವಾಗ, "ಆ ಫೋನ್ ಕಾಲ್ ಮರೆಯಕ್ಕಾಗಲ್ಲ ಸಾರ್" ಅಂದರು. ದಿನಾ ಸಂಜೆಯ ಮೊದಲ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಿ ಅಂತ ನಾನು ಎಲ್ಲ ಮಾಲೀಕರಿಗೂ ಹೇಳುವುದು ಇದಕ್ಕೇ.

ನಮ್ಮ ಮೌಲ್ಯಗಳನ್ನು ಬರೆಸಿ ಗೋಡೆಗೆ ಹಾಕಬೇಕಾ?

ಓದುವುದು ಶಾಸ್ತ್ರ, ಇಕ್ಕುವುದು ಗಾಳ ಆಗುವ ಹಾಗಿದ್ದರೆ ಬೇಡ. ಹಾಕಲೇಬೇಕು ಅಂದರೆ ಕಳೆದ ಒಂದು ವರ್ಷದಲ್ಲಿ ಆ ಮಾತಿಗಾಗಿ ನೀವು ದುಡ್ಡು ಕಳೆದುಕೊಂಡ ಒಂದು ಸಂದರ್ಭ ನೆನಪು ಮಾಡಿಕೊಳ್ಳಿ. ಸಿಕ್ಕರೆ ಬರೆಸಿ.

ಕಲ್ಚರ್ ಬದಲಾಗಲು ಎಷ್ಟು ಸಮಯ ಬೇಕು? ಎಲ್ಲಿಂದ ಶುರು ಮಾಡುವುದು?

ಕಾಫಿ ಗಿಡ ನೆಟ್ಟು ಫಸಲು ನೋಡಲು ಮೂರು ನಾಲ್ಕು ವರ್ಷ ಕಾಯುತ್ತೀರಿ. ಇದಕ್ಕೂ ಅಷ್ಟು ಕಾಯಿರಿ. ತರಬೇತಿ, ಪೋಸ್ಟರ್, ಟೀ ಶರ್ಟಿನಿಂದ ಶುರು ಮಾಡಬೇಡಿ. ಜನ ನಿಮ್ಮಲ್ಲಿ ಏನನ್ನು ನೋಡಿ ಕಲಿಯುತ್ತಾರೆ ಅನ್ನುವುದರಲ್ಲಿ ಒಂದೇ ಒಂದನ್ನು ಬದಲಾಯಿಸಿ, ಒಂದು ವರ್ಷ ತಪ್ಪದೆ ಮಾಡಿ. ಬಟವಾಡೆಯ ಕಿಟಕಿ ಮುಚ್ಚಿ ಜನರನ್ನು ಒಳಗೆ ಕರೆದು ಕೂರಿಸಿ. ಇಲ್ಲವೇ ಬಡ್ತಿ ಕೊಡುವಾಗ ಕೆಟ್ಟ ಸುದ್ದಿಯನ್ನು ಮೊದಲು ತಂದವರಿಗೆ ಕೊಡಿ. ಬಡ್ತಿಯಷ್ಟು ಜೋರಾಗಿ ಬೇರೆ ಯಾವುದೂ ಮಾತಾಡುವುದಿಲ್ಲ. ಬೈದು ಕೆಲಸ ಮಾಡಿಸುವವರಿಗೆ ಬಡ್ತಿ ಕೊಟ್ಟು ಮರುದಿನ ಗೌರವದ ಬಗ್ಗೆ ಸಭೆ ಮಾಡಿದರೆ ಜನಕ್ಕೆ ಎಲ್ಲ ಅರ್ಥವಾಗುತ್ತದೆ.

ಮೊದಲ ಆರು ತಿಂಗಳು ಪರಿಸ್ಥಿತಿ ಹದಗೆಟ್ಟಂತೆ ಕಾಣಬಹುದು. ಮುಚ್ಚಿಟ್ಟಿದ್ದೆಲ್ಲ ಹೊರಗೆ ಬರುತ್ತದೆ. ಆಗ ಹೆದರಿ ಹಳೆಯ ದನಿಗೆ ಮರಳಿದರೆ ಇನ್ನು ಹತ್ತು ವರ್ಷ ಯಾರೂ ಬಾಯಿ ಬಿಡುವುದಿಲ್ಲ.

ನಾನು ಮಾಲೀಕ ಅಲ್ಲ, ಮ್ಯಾನೇಜರೂ ಅಲ್ಲ. ಬರೀ ಮೇಸ್ತ್ರಿ. ನನ್ನಿಂದ ಏನಾಗುತ್ತದೆ?

ನಿಮ್ಮ ಹದಿನೈದು ಜನರಿಗೆ ಕಂಪನಿ ಅಂದರೆ ನೀವೇ. ಅವರು ಮಾಲೀಕರನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತಾರೆ, ನಿಮ್ಮನ್ನು ದಿನಾ ನೋಡುತ್ತಾರೆ.

ಪೊನ್ನಂಪೇಟೆ ಕಡೆಯ ಒಂದು ತೋಟದ ಮೇಸ್ತ್ರಿ ನನ್ನ ಜೊತೆ ಕೂತು ಮಾತಾಡಿದ ಮೇಲೆ ಒಂದು ಪದ್ಧತಿ ಶುರು ಮಾಡಿದರು. ಹಾಜರಿ ಆದ ಮೇಲೆ ಕೆಲಸ ಹಂಚುವ ಮೊದಲು, "ನಿನ್ನೆಯಿಂದ ಯಾರಾದ್ರೂ ಏನಾದ್ರೂ ನೋಡಿದ್ರಾ?" ಅಂತ ಕೇಳಿ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಹತ್ತು ದಿನ ಯಾರೂ ಮಾತಾಡಲಿಲ್ಲ. ಕೆಲವರು ಮುಖ ಮುಖ ನೋಡಿಕೊಂಡು ನಕ್ಕರು. ಅವರು ಬಿಡದೆ ಕೇಳಿದರು. ಹನ್ನೊಂದನೇ ದಿನ ಹಿಂದೆ ನಿಂತಿದ್ದ ಒಬ್ಬ ಹುಡುಗ, ಮೇಲಿನ ಬ್ಲಾಕಿನಲ್ಲಿ ಕರೆಂಟ್ ತಂತಿ ಜೋತು ಬಿದ್ದಿದೆ ಅಂದ. ಅವತ್ತು ಅದೇ ಬ್ಲಾಕಿನಲ್ಲಿ ಅಲ್ಯೂಮಿನಿಯಂ ಏಣಿ ಹಾಕಿ ಕಾಳುಮೆಣಸು ಕುಯ್ಯುವುದು ಅಂತ ಗೊತ್ತಾಗಿತ್ತು. ಮೇಸ್ತ್ರಿ ಏಣಿಗಳನ್ನು ಕೆಳಗಿನ ಬ್ಲಾಕಿಗೆ ಕಳಿಸಿ, ಲೈನ್‌ಮ್ಯಾನ್‌ಗೆ ಫೋನ್ ಮಾಡಿ, ಆ ಹುಡುಗನ ಹೆಸರನ್ನು ರೈಟರ್ ಹತ್ತಿರ ಹಾಜರಿ ಪುಸ್ತಕದ ಅಂಚಿನಲ್ಲಿ ಬರೆಸಿದರು. ಮರುದಿನ ಬೆಳಿಗ್ಗೆ ಅದೇ ಪ್ರಶ್ನೆ ಕೇಳಿದಾಗ ಮೂರು ಕೈ ಎದ್ದವು.